‘ಇಷ್ಟು ಸಾಕು’ ಎಂದು ಬರೆದಿಟ್ಟು ಕೊಡುವುದು: ಕಾಸರಗೋಡಿನ ಕ್ರೈಸ್ತ ಮನೆಗಳಿಗೆ ದಾನದ ಕೈಪಿಡಿ

ಕೊಟ್ಟದ್ದು ನೂರರಷ್ಟಾಗಿ ಹಿಂದೆ ಬರುತ್ತದೆ ಎಂಬ ಬೋಧನೆ ಈಗ ಪ್ರತಿ ಮೊಬೈಲಿನಲ್ಲೂ ಸಿಗುತ್ತದೆ. ಸಾವಿರ ‘ಬಿತ್ತಿ’ದರೆ ಲಕ್ಷ ಕೊಯ್ಯಬಹುದು, ಸಾಲ ತೀರುತ್ತದೆ, ಮಗನಿಗೆ ವೀಸಾ ಆಗುತ್ತದೆ ಎನ್ನುತ್ತಾರೆ, ಕೆಳಗೆ ಹಣ ಕಳಿಸಲು ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ನಂಬಿ ಕೈಸಾಲ ಮಾಡಿ ಕಳಿಸಿದವರೂ ಇದ್ದಾರೆ. ಅದು ಲಾಟರಿಯ ಲೆಕ್ಕ. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯಗಳನ್ನು ಒಮ್ಮೆ ನಿಧಾನವಾಗಿ ಓದಿ. ಅಲ್ಲಿ ದೊಡ್ಡ ಮನಸ್ಸಿನಿಂದ ಕೊಟ್ಟವರು ಮಕೆದೋನ್ಯದವರು, ಅವರು ಕಡುಬಡವರು. ಕೊಟ್ಟ ಮೇಲೆ ಅವರು ಶ್ರೀಮಂತರಾದರು ಎಂದು ಪೌಲರು ಎಲ್ಲೂ ಹೇಳುವುದಿಲ್ಲ. 9:8ರಲ್ಲಿ ಅವರು ಕೊಡುವ ಭರವಸೆಗೆ ಎರಡು ಭಾಗಗಳಿವೆ: ನಿಮಗೆ ಬೇಕಾದಷ್ಟು ಇರುತ್ತದೆ, ಒಳ್ಳೆಯ ಕೆಲಸಕ್ಕೆ ಕೈ ಬಿಚ್ಚಲು ಅದರ ಮೇಲೂ ಉಳಿಯುತ್ತದೆ. ಸಮೃದ್ಧಿ ಎಂದರೆ ಅಷ್ಟೇ, ಮತ್ತು ಅದು ಬಹಳ ದೊಡ್ಡದು.

ಲೂಕ 12ರಲ್ಲಿ ಬರುವ ಧನಿಕನಿಗೆ ಬೆಳೆ ಭರ್ಜರಿಯಾಗಿತ್ತು. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುವ ಯೋಜನೆಯೂ ಇತ್ತು. ಎಲ್ಲಿಗೆ ನಿಲ್ಲಿಸಬೇಕು ಎಂಬುದೊಂದು ಅವನ ಲೆಕ್ಕದಲ್ಲಿ ಇರಲಿಲ್ಲ. ಆದ್ದರಿಂದ ದಾನದ ಕೆಲಸ ಕಾಣಿಕೆ ಡಬ್ಬಿಯ ಎದುರು ಶುರುವಾಗುವುದಿಲ್ಲ, ಮನೆಯ ಊಟದ ಮೇಜಿನ ಮೇಲೆ ಒಂದು ನೋಟ್‌ಬುಕ್ ಬಿಚ್ಚಿದಾಗ ಶುರುವಾಗುತ್ತದೆ.

ಮೊದಲ ಕೆಲಸ: ಮನೆಯ ‘ಸಾಕು’ ಎಷ್ಟೆಂದು ಬರೆಯುವುದು

ಗಂಡ, ಹೆಂಡತಿ, ದುಡಿಯುವ ಮಕ್ಕಳು ಒಟ್ಟಿಗೆ ಕುಳಿತು ಕಳೆದ 12 ತಿಂಗಳ ಖರ್ಚು ಬರೆಯಬೇಕು. ಊಟ, ಕರೆಂಟು, ಫೀಸು, ಔಷಧ, ಬಸ್ಸು-ಪೆಟ್ರೋಲು, ಮದುವೆ-ಮುಂಜಿಯ ಮುಯ್ಯಿ, ಮನೆ ರಿಪೇರಿ, ಸಾಲದ ಕಂತು. ಇದಕ್ಕೆ ಆಪತ್ತಿನ ಮೊತ್ತ ಸೇರಿಸಿ. ತಿಂಗಳ ಸಂಬಳದ ಮನೆಗೆ 3 ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು. ಅಡಿಕೆಯನ್ನೇ ನಂಬಿದ ಮನೆಗೆ 6 ತಿಂಗಳದ್ದು ಬೇಕು, ಏಕೆಂದರೆ ಒಂದು ಮಳೆಗಾಲದ ಕೊಳೆರೋಗ ಅರ್ಧ ಫಸಲನ್ನು ಉದುರಿಸಬಲ್ಲದು. ಎಲೆಚುಕ್ಕಿ, ಹಳದಿ ರೋಗ ಬಂದ ತೋಟಕ್ಕಂತೂ ಒಂದೇ ವರ್ಷದಲ್ಲಿ ಚೇತರಿಕೆಯಿಲ್ಲ. ಒಟ್ಟು ಮೊತ್ತದ ಕೆಳಗೆ ಗೆರೆ ಎಳೆದು ದಿನಾಂಕ ಹಾಕಿ. ಅಡಿಕೆ ಮಾರಿದ ಮೇಲೆ ವರ್ಷಕ್ಕೊಮ್ಮೆ ಮಾತ್ರ ಈ ಗೆರೆಯನ್ನು ತಿದ್ದಬೇಕು. ಗೆರೆ ಇಲ್ಲದ ಮನೆಯಲ್ಲಿ ಆದಾಯ ಏರಿದ ಹಾಗೆ ‘ಬೇಕು’ ಕೂಡ ಏರುತ್ತದೆ: ಧಾರಣೆ ಏರಿದ ವರ್ಷ ಕಾರು, ಮರುವರ್ಷ ಕಂಪೌಂಡು, ಆಮೇಲೆ ಕಾರಿನ ಕಂತು. ದಾನದ ಸರದಿ ಬರುವುದೇ ಇಲ್ಲ. ಅಂಥ ಮನೆಯವರು ಜಿಪುಣರೆಂದಲ್ಲ. ಉಳಿದದ್ದು ಎಷ್ಟೆಂದು ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ, ಅಷ್ಟೆ.

ಒಬ್ಬರು ಗುಟ್ಟಾಗಿ ಕೊಟ್ಟು ಇನ್ನೊಬ್ಬರಿಗೆ ಆಮೇಲೆ ತಿಳಿದರೆ ಜಗಳ ಖಂಡಿತ, ಆ ಜಗಳದಲ್ಲಿ ಕೈ ಒಡ್ಡಿದ ಬಡವರ ಹೆಸರೂ ಕೆಡುತ್ತದೆ. ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳಿದ್ದು ಊರವರ ಹೊಗಳಿಕೆಯ ವಿಷಯದಲ್ಲಿ, ಹೆಂಡತಿಯ ವಿಷಯದಲ್ಲಿ ಅಲ್ಲ.

ಪಾಲು ತೆಗೆಯುವ ಮೊದಲು ತೀರಿಸಬೇಕಾದ ಬಾಕಿಗಳಿವೆ. ಕೊಯ್ಲಿನವರ, ಅಡಿಕೆ ಸುಲಿಯುವವರ, ಮದ್ದು ಬಿಡುವವರ ಕೂಲಿ ಮೊದಲು ಕೊಡಬೇಕು. ಕೂಲಿಯವನ ಸಂಬಳ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು ಎಂಬುದು ಯಾಜಕಕಾಂಡ 19:13ರ ಆಜ್ಞೆ. ಯಾಕೋಬರ ಪತ್ರ 5:4 ಅದನ್ನೇ ಇನ್ನೂ ಕಟುವಾಗಿ ಹೇಳುತ್ತದೆ. ಅಸ್ಸಾಮಿನಿಂದಲೋ ಬಂಗಾಳದಿಂದಲೋ ಬಂದ ಕೆಲಸದಾಳಿಗೆ ಊರಿನ ಕೂಲಿಗಿಂತ ಕಡಿಮೆ ಕೊಟ್ಟು, ಕ್ರಿಸ್ಮಸ್ಸಿಗೆ ಅವನಿಗೇ ಒಂದು ಕೇಕು, ಒಂದು ಅಂಗಿ ಕೊಟ್ಟರೆ ಅದು ದಾನವಲ್ಲ, ಅವನ ಹಣದಲ್ಲೇ ಅವನಿಗೆ ಕೊಟ್ಟ ಹಾಗೆ. ಹಾಗೆಯೇ ತಂದೆತಾಯಿಯ ಔಷಧಕ್ಕೆ ಕೈ ಹಿಡಿದು ಇಗರ್ಜಿಗೆ (ಚರ್ಚಿಗೆ) ಕೊಡುವುದನ್ನು ಮಾರ್ಕ 7:10–13ರಲ್ಲಿ ಯೇಸುವೇ ಖಂಡಿಸಿದ್ದಾರೆ. ಸಾಲ ಮಾಡಿ ದಾನ ಕೊಡುವುದೂ ಬೇಡ. ಇಲ್ಲದ್ದರಿಂದಲ್ಲ, ಇರುವುದರಿಂದ ಕೊಟ್ಟರೆ ಮೆಚ್ಚುಗೆ ಎಂದು ಪೌಲರು ಬರೆದಿದ್ದಾರೆ (2 ಕೊರಿಂಥ 8:12).

ಎಷ್ಟು ಪಾಲು?

ದಶಮಾಂಶದ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಲೇವಿಯರಿಗೆ ಒಂದು ದಶಮಾಂಶ (ಅರಣ್ಯಕಾಂಡ 18:21), ಹಬ್ಬದ ಊಟಕ್ಕೆ ಒಂದು, ಮೂರು ವರ್ಷಕ್ಕೊಮ್ಮೆ ಊರಿನ ಬಡವರಿಗೆ ಒಂದು (ಧರ್ಮೋಪದೇಶಕಾಂಡ 14) ಎಂದಿದೆ. ಹೊಸ ಒಡಂಬಡಿಕೆ ಇಷ್ಟೇ ಶೇಕಡಾ ಎಂದು ಹೇಳುವುದಿಲ್ಲ. ಕಥೋಲಿಕ ಸಭೆಯ ಕಟ್ಟಳೆಯೂ ಪ್ರತಿಯೊಬ್ಬರು ಶಕ್ತಿಗೆ ತಕ್ಕಂತೆ ಸಭೆಯ ಅಗತ್ಯಗಳಿಗೆ ನೆರವಾಗಬೇಕು ಎನ್ನುತ್ತದೆಯೇ ಹೊರತು ಅಂಕಿ ಕೊಡುವುದಿಲ್ಲ. ಹೊಸದಾಗಿ ಆರಂಭಿಸುವ ಮನೆಗೆ ನಮ್ಮ ಸಲಹೆ ಶೇ. 3. ಮೊದಲ ವರ್ಷ ಅದನ್ನು ತಪ್ಪದೆ ಕೊಟ್ಟು, ಆಮೇಲೆ ವರ್ಷಕ್ಕೆ ಒಂದೊಂದು ಶೇಕಡಾ ಏರಿಸುತ್ತ ಹೋಗಬಹುದು. ಮೊದಲೇ ಶೇ. 10 ಎಂದು ಪ್ರತಿಜ್ಞೆ ಮಾಡಿದವರು ಮೂರನೇ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದವರಿಗೆ ಅಪರಾಧಿ ಭಾವ ಬಂದು, ಅದರ ಸುದ್ದಿಯೇ ಬೇಡವೆನಿಸುತ್ತದೆ. ಮೇಲೆ ಎಳೆದ ಗೆರೆಯನ್ನು ಆದಾಯ ಸ್ಪಷ್ಟವಾಗಿ ದಾಟಿದ ಮನೆಗೆ ಮಾತ್ರ ಶೇ. 10 ಎಂಬುದು ಗುರಿಯಲ್ಲ, ಆರಂಭ.

ಕೃಷಿಕರು ಕೇಳುವ ಪ್ರಶ್ನೆ ಒಂದೇ: ಮಾರಿದ ಒಟ್ಟು ಹಣದ ಮೇಲೋ, ಉಳಿದದ್ದರ ಮೇಲೋ? ಬೆಳೆಯ ಖರ್ಚು ಕಳೆಯಿರಿ, ಮನೆಯ ಖರ್ಚು ಕಳೆಯಬೇಡಿ. ಉದಾಹರಣೆಗೆ ಚಾಲಿ (ಒಣಗಿಸಿದ ಅಡಿಕೆ) ಮಾರಿ 1,80,000 ರೂ. ಬಂತೆನ್ನಿ. ಗೊಬ್ಬರ, ಮೈಲುತುತ್ತು-ಸುಣ್ಣ, ಕೊಯ್ಲು, ಸುಲಿಯುವ ಕೂಲಿ ಸೇರಿ 70,000 ರೂ. ಹೋದರೆ ಉಳಿದದ್ದು 1,10,000. ಶೇ. 5ರಂತೆ ಪಾಲು 5,500 ರೂ. ಇದನ್ನು ಮಾರಿದ ದಿನವೇ ತೆಗೆದಿಡಬೇಕು. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಕ್ಯಾಂಪ್ಕೋದಿಂದಲೋ ಅಂಗಡಿಯಿಂದಲೋ ಹಣ ಖಾತೆಗೆ ಬಂದು ಎರಡು ವಾರ ಕಳೆದರೆ ಅದು ಮನೆಯ ಖರ್ಚಿನೊಳಗೆ ಕರಗಿಹೋಗುತ್ತದೆ. ದಿನಗೂಲಿಯವರಿಗೆ, ಬೀಡಿ ಕಟ್ಟುವವರಿಗೆ ಪೌಲರ ಕ್ರಮವೇ ಸರಿ: ವಾರದ ಮೊದಲ ದಿನ ಪ್ರತಿಯೊಬ್ಬರೂ ಸಂಪಾದನೆಗೆ ತಕ್ಕಂತೆ ಮನೆಯಲ್ಲೇ ತೆಗೆದಿಡಲಿ (1 ಕೊರಿಂಥ 16:2). ವಾರಕ್ಕೆ 50 ರೂ. ಆದರೆ ವರ್ಷಕ್ಕೆ 2,600. ಗಲ್ಫಿನ ಸಂಬಳವಾದರೆ ಊರಿಗೆ ಹಣ ಕಳಿಸುವ ದಿನವೇ ಬೇರೆ ಖಾತೆಗೆ ಪಾಲು ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ.

ವಿಧವೆಯ ಕಾಣಿಕೆಯ ಬಗ್ಗೆ ಒಂದು ಮಾತು. ಅವಳು ಹಾಕಿದ ಎರಡು ಲೆಪ್ಟ ನಾಣ್ಯಗಳು ಸೇರಿದರೆ ಒಂದು ದಿನಾರಿಯಸ್ಸಿನ, ಅಂದರೆ ಒಂದು ದಿನದ ಕೂಲಿಯ, 64ನೇ ಒಂದು ಭಾಗ. ಮಾರ್ಕ 12ರಲ್ಲಿ ಈ ಘಟನೆಗೆ ಸರಿಯಾಗಿ ಮುಂಚೆ ಏನಿದೆ ನೋಡಿ: ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲೆ ಯೇಸುವಿನ ಕೋಪ. ಹಾಗಾಗಿ ಇದನ್ನು ವಿಧವೆಯರಿಂದ ಚಂದಾ ಎತ್ತಲು ಬಳಸಬಾರದು. ವೃದ್ಧಾಪ್ಯ ಪಿಂಚಣಿಯೊಂದರಲ್ಲೇ ಬದುಕುವವರು ಕೊಟ್ಟರೆ ಪ್ರೀತಿಯಿಂದ ತೆಗೆದುಕೊಳ್ಳಿ. ಅವರ ಹೆಸರಿಗೆ ವಂತಿಗೆ ಬರೆದು ಗುರ್ಕಾರರ (ಚರ್ಚಿನ ವಾರ್ಡು ಮುಖಂಡರ) ಕೈಯಲ್ಲಿ ಚೀಟಿ ಕಳಿಸಬೇಡಿ.

ಯಾವಾಗ? ಹಣದ ಕಾಲ ಬೇರೆ, ಹಸಿವಿನ ಕಾಲ ಬೇರೆ

ನಮ್ಮ ಕಡೆಯ ದಾನದಲ್ಲಿ ಅತ್ಯಂತ ದೊಡ್ಡ ತಪ್ಪು ಇದು. ಅಡಿಕೆ ಕೊಯ್ಲು ನವೆಂಬರಿನಿಂದ ಶುರು. ಅಂಗಳದಲ್ಲಿ ಒಣಗಲು ಒಂದೂವರೆ ತಿಂಗಳು ಬೇಕು. ಬೇಸಿಗೆಯ ಹೊತ್ತಿಗೆ ಕೈಯಲ್ಲಿ ಹಣ. ಗಲ್ಫಿನವರು ಊರಿಗೆ ಬರುವುದು ಕ್ರಿಸ್ಮಸ್ಸಿಗೆ, ಮದುವೆಗಳು ಡಿಸೆಂಬರ್-ಜನವರಿಯಲ್ಲಿ. ಹೀಗಾಗಿ ಕಿಟ್, ಬಟ್ಟೆ, ಊಟ ಎಲ್ಲವೂ ಡಿಸೆಂಬರಿನಲ್ಲಿ ಒಂದೇ ಮನೆಗೆ ನಾಲ್ಕು ಕಡೆಯಿಂದ ಬಂದು ಬೀಳುತ್ತವೆ. ಒಲೆ ಆರುವುದು ಜೂನ್‌ನಿಂದ ಆಗಸ್ಟ್ ತನಕ. ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಆರಂಭದಲ್ಲಿ: ಪುಸ್ತಕ, ಸಮವಸ್ತ್ರ, ಕೊಡೆ, ಚೀಲ. ಅದೇ ವಾರ ಮಳೆ ಹಿಡಿಯುತ್ತದೆ, ತೋಟದ ಕೆಲಸ ಮತ್ತು ಕಟ್ಟಡ ಕೆಲಸ ನಿಲ್ಲುತ್ತವೆ, ರಬ್ಬರ್ ಹಾಲು ತೆಗೆಯುವುದು ಕಡಿಮೆಯಾಗುತ್ತದೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ, ಟ್ರಾಲ್ ದೋಣಿಗಳಿಗೆ ನಿಷೇಧ; ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆ ಅದನ್ನೇ ನಂಬಿದ ಕೂಲಿಗಳಿಗೆ ಕೆಲಸವಿಲ್ಲ. ತುಳುವರ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಹಿರಿಯರು ತಗಟೆ ಸೊಪ್ಪು, ಹಲಸಿನ ಬೀಜ ತಿಂದು ದಿನ ದೂಡುತ್ತಿದ್ದುದು ಬರೀ ನೆನಪಲ್ಲ, ಕೆಲವು ಮನೆಗಳಿಗೆ ಈಗಲೂ ಅದು ಬಿಗಿಯ ತಿಂಗಳು.

ಆದ್ದರಿಂದ ತೆಗೆಯುವುದು ಬೇಸಿಗೆಯಲ್ಲಿ, ಹಂಚುವುದು ಮಳೆಗಾಲದಲ್ಲಿ. ಪಾಲಿನ ಅರ್ಧದಷ್ಟನ್ನು ಮೇ 20ರಿಂದ ಆಗಸ್ಟ್ 15ರೊಳಗೆ ಕೊಡಲು ಮೀಸಲಿಡಿ. ಕಾಲು ಭಾಗ ವರ್ಷವಿಡೀ ತಿಂಗಳ ಕಾಣಿಕೆಗೆ. ಉಳಿದ ಕಾಲು ಭಾಗ ಆಪತ್ತಿಗೆ: ಅಪಘಾತ, ಮನೆಗೆ ಮರ ಬಿದ್ದದ್ದು, ಕಡಲ್ಕೊರೆತ. ಸೆಪ್ಟೆಂಬರ್ 8ರ ತೆನೆ ಹಬ್ಬ, ಅಂದರೆ ಮೊಂತಿ ಫೆಸ್ತ್, ಬರುವ ಹೊತ್ತಿಗೆ ಮಳೆಗಾಲದ ನಿಧಿ ಖಾಲಿಯಾಗಿರಬೇಕು. ಆಶೀರ್ವದಿಸಿದ ಹೊಸ ತೆನೆಯನ್ನು ಪ್ರತಿ ಮನೆಗೂ ಕೊಡುವ ಆ ಹಬ್ಬ ಲೆಕ್ಕ ಮುಗಿಸಲು ಒಳ್ಳೆಯ ದಿನ. ಆ ದಿನ ನಿಧಿಯಲ್ಲಿ ಹಣ ಉಳಿದಿದ್ದರೆ ಯಾವುದೋ ಮನೆಯನ್ನು ನಾವು ಕಂಡಿಲ್ಲ ಎಂದರ್ಥ.

ಯಾರಿಗೆ, ಏನನ್ನು

ಮನೆಗೆ ಹೋಗುವ ಮೊದಲು ರೇಷನ್ ಕಾರ್ಡಿನ ಬಣ್ಣ ತಿಳಿದುಕೊಳ್ಳಿ. ಹಳದಿ ಕಾರ್ಡು ಅಂತ್ಯೋದಯದ್ದು, ಆ ಮನೆಗೆ ತಿಂಗಳಿಗೆ 35 ಕಿಲೊ ಧಾನ್ಯದ ಹಕ್ಕಿದೆ. ಗುಲಾಬಿ ಕಾರ್ಡಿನವರಿಗೆ ತಲಾ 5 ಕಿಲೊ. ನೀಲಿ, ಬಿಳಿ ಕಾರ್ಡಿನವರಿಗೆ ಅಷ್ಟಿಲ್ಲ. ಹಳದಿ ಕಾರ್ಡಿನ ಮನೆಗೆ ಮತ್ತೆ 25 ಕಿಲೊ ಅಕ್ಕಿ ಹೊತ್ತುಕೊಂಡು ಹೋದರೆ ಅದು ಹುಳ ಹಿಡಿಯುತ್ತದೆ, ಇಲ್ಲವೇ ಅಂಗಡಿಗೆ ಮಾರಾಟವಾಗುತ್ತದೆ. ಮಾರಿದರೆಂದು ಅವರನ್ನು ದೂರುವವರು, ಅವರಿಗೆ ಬೇಕಿದ್ದುದು ಎಣ್ಣೆ ಎಂದು ಕೇಳಿರುವುದಿಲ್ಲ. ನಾಲ್ಕು ಜನರ ಅಂಥ ಮನೆಗೆ ಒಂದು ತಿಂಗಳಿಗೆ ತೆಂಗಿನೆಣ್ಣೆ 2 ಲೀಟರ್, ತೊಗರಿಬೇಳೆ 2 ಕಿಲೊ, ಹೆಸರುಕಾಳು ಮತ್ತು ಕಡಲೆ ತಲಾ 1 ಕಿಲೊ, ಸಕ್ಕರೆ 2 ಕಿಲೊ, ಚಹಾ ಪುಡಿ ಅರ್ಧ ಕಿಲೊ, ಮೆಣಸು ಮತ್ತು ಹುಣಸೆಹುಳಿ ತಲಾ ಅರ್ಧ ಕಿಲೊ, ಕೊತ್ತಂಬರಿ ಕಾಲು ಕಿಲೊ, ಉಪ್ಪು, ಮೈಸೋಪು, ಬಟ್ಟೆ ಸೋಪು. ಮೀನಿಗೆ, ಹಾಲಿಗೆ 500 ರೂ. ನಗದು. ನೀಲಿ, ಬಿಳಿ ಕಾರ್ಡಿನ ಮನೆಗಳಿಗೆ ಇದರ ಮೇಲೆ 20 ಕಿಲೊ ಕುಚ್ಚಲಕ್ಕಿ. ಅಂದಹಾಗೆ, ಬಿಳಿ ಕಾರ್ಡು ಕಂಡು ಇವರು ಅನುಕೂಲಸ್ಥರೆಂದು ಹಿಂದಿರುಗಬೇಡಿ. ಗಲ್ಫಿನಲ್ಲಿ ಕೆಲಸ ಹೋದವನ ಹೆಂಚಿನ ಮನೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಸಾಧ್ಯವಾದ ಕಡೆ ನಗದು ಅಥವಾ ಅಂಗಡಿಯಲ್ಲಿ ಖಾತೆ ಮಾಡಿಕೊಡುವುದೇ ಒಳ್ಳೆಯದು. ಏನು ಬೇಕೆಂದು ಮನೆಯೊಡತಿಗೆ ಗೊತ್ತು. ಮನೆಯಲ್ಲಿ ಕುಡಿತವಿದ್ದರೆ ಮಾತ್ರ ಸಾಮಾನು ಕೊಡಿ, ಇಲ್ಲವೇ ಫೀಸನ್ನು ಶಾಲೆಗೆ, ಬಿಲ್ಲನ್ನು ಔಷಧದಂಗಡಿಗೆ ನೇರ ಕಟ್ಟಿ. ಕುಡಿತದ ಮನೆಗೆ ಕೊಡುವುದೇ ಇಲ್ಲ ಎಂಬ ತೀರ್ಮಾನ ತಪ್ಪು, ಅದರ ಶಿಕ್ಷೆ ಮಕ್ಕಳಿಗೆ.

ಎಂಡೋಸಲ್ಫಾನ್ ಪೀಡಿತ ಮನೆಗಳ ವಿಚಾರ ಬೇರೆಯೇ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮೊದಲಾದ ಕಡೆಗಳಲ್ಲಿ ಕುಟುಂಬಗಳು ಇಂದಿಗೂ ಹೊರುತ್ತಿವೆ. ಪ್ರತಿಯೊಬ್ಬ ಸಂತ್ರಸ್ತರಿಗೆ 5 ಲಕ್ಷ ರೂ. ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಣ ಬಂದ ಮನೆಯಲ್ಲೂ ಹಾಸಿಗೆ ಬಿಟ್ಟೇಳದ ಮಗನೋ ಮಗಳೋ ಇದ್ದೇ ಇರುತ್ತಾರೆ, ತಾಯಿಗೆ ವಯಸ್ಸಾಗುತ್ತಿರುತ್ತದೆ. ಇಲ್ಲಿಗೆ ವರ್ಷಕ್ಕೊಮ್ಮೆ ಕಿಟ್ ತೆಗೆದುಕೊಂಡು ಹೋಗುವುದರಿಂದ ಹೆಚ್ಚೇನೂ ಆಗುವುದಿಲ್ಲ. ಬೇಕಾದದ್ದು ಕ್ರಮವಾದ ಬಿಡುವು. ಇಬ್ಬರು ಹೆಂಗಸರು ವಾರದಲ್ಲಿ ಒಂದು ನಿಗದಿತ ಮಧ್ಯಾಹ್ನ ಮೂರು ಗಂಟೆ ಹೊತ್ತು ಆ ಮಗುವಿನ ಬಳಿ ಕುಳಿತರೆ ತಾಯಿ ಪೇಟೆಗೆ, ಬ್ಯಾಂಕಿಗೆ, ಪೂಜೆಗೆ ಹೋಗಿ ಬರಬಹುದು, ಅಥವಾ ಸುಮ್ಮನೆ ಮಲಗಬಹುದು. ಮಗುವನ್ನು ಎತ್ತುವ, ಹೊರಳಿಸುವ, ಉಣಿಸುವ ಕ್ರಮವನ್ನು ಮೊದಲು ಪಂಚಾಯತಿನ ಪಾಲಿಯೇಟಿವ್ ನರ್ಸಿನಿಂದ ಕಲಿತುಕೊಳ್ಳಿ. ಮಲಗಿಸಿ ಗಂಜಿ ಕುಡಿಸಿದರೆ ಶ್ವಾಸಕ್ಕೆ ಹೋಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ದೊಡ್ಡವರ ಡಯಾಪರ್, ಮುಲಾಮು ಇವು ತಿಂಗಳು ತಿಂಗಳು ಬೇಕಾಗುವ ವಸ್ತುಗಳು. ಎರಡು ತಿಂಗಳು ಕೊಟ್ಟು ನಿಲ್ಲಿಸುವುದಾದರೆ ಆರಂಭಿಸಲೇಬೇಡಿ; ನಾಲ್ಕು ಮನೆಯವರು ಸೇರಿ ಒಂದು ವರ್ಷದ ಹೊಣೆ ಹೊರಬಹುದು.

ಇನ್ನೊಂದು ದಾನ ಗಡಿನಾಡಿಗೇ ವಿಶೇಷವಾದದ್ದು, ಅದಕ್ಕೆ ಹಣವೇ ಬೇಡ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಕೈಗೆ ಮಲಯಾಳದ ಅರ್ಜಿ ಬಂದಾಗ ಅವಳು ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಅರ್ಹತೆ ಇದ್ದೂ ಪಿಂಚಣಿ, ಸರಕಾರದ ಲೈಫ್ ವಸತಿ ಯೋಜನೆಯ ಮನೆ, ಆರೈಕೆ ಮಾಡುವವರಿಗಿರುವ ಆಶ್ವಾಸಕಿರಣಂ ನೆರವು ಎಲ್ಲವೂ ತಪ್ಪಿಹೋಗುತ್ತವೆ. ಎರಡೂ ಭಾಷೆ ಬಲ್ಲ ಕಾಲೇಜು ಮಕ್ಕಳು ತಿಂಗಳ ಎರಡನೇ ಭಾನುವಾರ ಪೂಜೆಯ ಬಳಿಕ ಚರ್ಚ್ ಹಾಲಿನಲ್ಲಿ ಕುಳಿತು ಅರ್ಜಿ ತುಂಬಿಕೊಡಲಿ. ಬರುವವರು ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ತರಬೇಕೆಂದು ಹಿಂದಿನ ವಾರವೇ ತಿಳಿಸಿ. ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಅಲ್ಲೇ, ಒಂದರಲ್ಲಿ ‘ಡಿಸೋಜ’, ಇನ್ನೊಂದರಲ್ಲಿ ‘ಡಿʼಸೋಜಾ’ ಇದ್ದು. ಸೋಮವಾರ ಸರಕಾರಿ ಅರ್ಜಿ ಸಲ್ಲಿಸುವ ಅಕ್ಷಯ ಕೇಂದ್ರಕ್ಕೆ ಒಬ್ಬರು ಜೊತೆಗೆ ಹೋಗಬೇಕು. ಹೀಗೆ ಮಂಜೂರಾದ ಒಂದು ಪಿಂಚಣಿ, ಯಾವ ದಾನಿಯೂ ಅಷ್ಟು ದೀರ್ಘಕಾಲ ಕೊಡಲಾರದ ದಾನ.

ಆಸ್ಪತ್ರೆಯ ಖರ್ಚಿಗೆ ಹಣ ಎತ್ತುವಾಗ ಮೊದಲು ಸರಕಾರದ ಚಿಕಿತ್ಸಾ ನೆರವಾದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು ಇದೆಯೇ, ಆ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ ಎಂದು ಕೇಳಿ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂ. ತನಕ ಅದರಲ್ಲೇ ಆಗುತ್ತದೆ. ಗಂಭೀರ ಕಾಯಿಲೆಗೆ ನಮ್ಮವರು ತಲಪಾಡಿ ದಾಟಿ ಮಂಗಳೂರಿಗೇ ಓಡುವುದು ವಾಡಿಕೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಹಾಗಾಗಿ ಆಂಬುಲೆನ್ಸ್, ಡಯಾಲಿಸಿಸ್ ಪ್ರಯಾಣಕ್ಕೆಂದೇ ಪ್ರತಿ ಇಗರ್ಜಿಯಲ್ಲೂ ಒಂದು ಸಣ್ಣ ಮೊತ್ತ ಕೈಗೆಟಕುವಂತೆ ಇರಬೇಕು. ರಾತ್ರಿ ಹನ್ನೊಂದಕ್ಕೆ ಸಮಿತಿ ಸಭೆ ಕರೆಯಲಾಗುವುದಿಲ್ಲ. 5,000 ರೂ. ತನಕ ಧರ್ಮಗುರು ಮತ್ತು ಒಬ್ಬ ಗುರ್ಕಾರ್ ಒಪ್ಪಿದರೆ ಸಾಕೆಂದು ಮೊದಲೇ ನಿರ್ಣಯ ಮಾಡಿಡಿ.

ಕೈಗಿಡುವ ರೀತಿ

ಮನೆ ಭೇಟಿಗೆ ಯಾವಾಗಲೂ ಇಬ್ಬರು ಹೋಗಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಮ್ ಮತ್ತು ಸಂಗಾತಿಗಳು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಈಗಲೂ ಪಾಲಿಸುವ ಕ್ರಮ ಇದು. ಇಬ್ಬರಿದ್ದರೆ ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತದೆ, ಹಣದ ವಿಷಯದಲ್ಲಿ ಸಾಕ್ಷಿಯೂ ಆಯಿತು. ಕುಳಿತುಕೊಳ್ಳಿ, ಕೊಟ್ಟ ಚಹಾ ಕುಡಿಯಿರಿ. ಹಗಲಿನಲ್ಲಿ ಜೀಪು ತುಂಬ ಕಿಟ್ ಹೇರಿ ಬ್ಯಾನರ್ ಕಟ್ಟಿಕೊಂಡು ಹೋಗಬೇಡಿ. ಪಡೆಯುವವರ ಫೋಟೊ ತೆಗೆಯಲೇಬಾರದು. ದಾನಿಗೆ ಲೆಕ್ಕ ಬೇಕಿದ್ದರೆ ಅಂಗಡಿಯ ಬಿಲ್ ತೋರಿಸಿ. ವಾಟ್ಸಾಪಿನಲ್ಲಿ ಒಮ್ಮೆ ಬಂದ ಚಿತ್ರ ಆ ಮನೆಯ ಹುಡುಗಿಯ ತರಗತಿಯವರೆಗೂ ಹೋಗುತ್ತದೆ.

ಹಬ್ಬದ ಊಟದಲ್ಲಿ ಉಳಿದದ್ದನ್ನು ಕೊಡುವ ಅಭ್ಯಾಸ ನಿಲ್ಲಬೇಕು. ಈ ತುಳುನಾಡಿನಲ್ಲಿ ಕೊರಗ ಸಮುದಾಯದವರನ್ನು ಅಜಲು ಎಂಬ ಹೆಸರಿನಲ್ಲಿ ಎಂಜಲಿನ ಪಾಲಿಗೆ ಇಳಿಸಿದ ಚರಿತ್ರೆ ಇದೆ. ಕರ್ನಾಟಕ ಅದನ್ನು 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಆ ನೋವು ಗೊತ್ತಿದ್ದೂ ಪಾತ್ರೆಯ ತಳ ಹಿಡಿದುಕೊಂಡು ಹೋಗಬಾರದು. ಕರೆಯುವುದಾದರೆ ಮೊದಲ ಪಂಕ್ತಿಗೆ ಕರೆಯಿರಿ, ಜೊತೆಗೆ ಕುಳಿತು ಉಣ್ಣಿರಿ. ನಮ್ಮ ಮದುವೆಗಳಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುತ್ತೇವೆ. ಅದು ಒಳ್ಳೆಯ ಸಂಪ್ರದಾಯವೇ. ಲೂಕ 14:12–14ರಲ್ಲಿ ಯೇಸು ಕೇಳಿದ್ದು ಆ ಪುಸ್ತಕದಲ್ಲಿ ಬರೆಯಲಾಗದ ಅತಿಥಿಗಳನ್ನು ಕರೆಯಲು. ಮಗಳ ಮದುವೆಗೆ 500 ಎಲೆ ಹಾಕಿಸುವವರು ಅದರಲ್ಲಿ 25 ಎಲೆಗಳನ್ನು ಹೀಗೆ ಮೀಸಲಿಟ್ಟು, ಹೆಸರು ಹಿಡಿದು ಆಮಂತ್ರಣ ಪತ್ರ ಕೊಡಬಹುದು.

ನೆರೆಯವರು ಬ್ಯಾರಿಗಳಿರಲಿ, ಮರಾಟಿಗಳಿರಲಿ, ಯಾರೇ ಇರಲಿ, ಅವಶ್ಯಕತೆಯೊಂದೇ ಅಳತೆ. ಕಿಟ್ಟಿನೊಳಗೆ ಪ್ರಾರ್ಥನೆಯ ಚೀಟಿ ಹಾಕಬೇಡಿ, ಪೂಜೆಗೆ ಬರಲು ಹೇಳಬೇಡಿ. ಷರತ್ತು ಕಟ್ಟಿದ ಅಕ್ಕಿ ಪಡೆಯುವವರಿಗೂ ಅವಮಾನ, ಸುವಾರ್ತೆಗೂ ಅವಮಾನ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ತಂದೆಯ ಮಕ್ಕಳು ನಾವು.

ಬಡ್ಡಿಯಿಲ್ಲದ ಕೈಗಡ

ಕೆಲವರಿಗೆ ದಾನ ಬೇಡ, ಉಸಿರಾಡಲು ಮೂರು ತಿಂಗಳು ಬೇಕು. ಅಡವಿಟ್ಟ ಬಳೆ ಹರಾಜಿಗೆ ಬಂದವರು, ಮೀಟರ್ ಬಡ್ಡಿಗೆ ಸಿಕ್ಕಿಬಿದ್ದವರು, ಹೊಲಿಗೆ ಮೆಷಿನ್ ಕೊಳ್ಳಬೇಕಾದವರು. 20 ಮನೆಗಳು ತಲಾ 2,500 ರೂ. ಹಾಕಿದರೆ 50,000 ರೂ. ನಿಧಿಯಾಗುತ್ತದೆ. ಒಬ್ಬರಿಗೆ 10,000ಕ್ಕಿಂತ ಹೆಚ್ಚು ಬೇಡ, ತಿಂಗಳಿಗೆ 1,000ದಂತೆ 10 ಕಂತು, ಜೂನ್-ಜುಲೈಯಲ್ಲಿ ಕಂತು ಇಲ್ಲ. ಕಾಗದ ಬರೆಯಿರಿ, ಆದರೆ ಖಾಲಿ ಚೆಕ್ಕು, ಚಿನ್ನ ಇಟ್ಟುಕೊಳ್ಳಬೇಡಿ. ಎರಡು ಕಂತು ತಪ್ಪಿದರೆ ಮನೆಗೆ ಹೋಗಿ ಕೇಳಬೇಕು, ಫೋನಿನಲ್ಲಿ ಗದರಬಾರದು. ಹಿಂದೆ ಬರಲಾರದ ಸಾಲವನ್ನು ಬಿಟ್ಟುಬಿಡಲು ವರ್ಷಕ್ಕೆ ನಿಧಿಯ ಹತ್ತನೇ ಒಂದು ಭಾಗ ಮೊದಲೇ ಲೆಕ್ಕದಲ್ಲಿರಲಿ. ಆಗ ಲೂಕ 6:35 ಹೇಳುವಂತೆ ಆಸೆ ಇಟ್ಟುಕೊಳ್ಳದೆ ಕೊಡಲು ಸಾಧ್ಯವಾಗುತ್ತದೆ. ಅದೇ ಅಧ್ಯಾಯದ 38ನೇ ವಾಕ್ಯದ ಅಳತೆ, ಕಳಸೆಯಲ್ಲಿ ಭತ್ತವನ್ನು ಒತ್ತಿ, ಅಲುಗಿಸಿ, ಗೋಪುರ ಮಾಡಿ ಸುರಿದ ಹಾಗಿನ ಅಳತೆ, ಬರುವುದು ಸಾಲ ಬಿಡುವ, ತೀರ್ಪು ಮಾಡದ, ಕ್ಷಮಿಸುವ ಮಾತುಗಳ ಬೆನ್ನಿಗೆ. ಕ್ಯೂಆರ್ ಕೋಡಿನವರು ಆ ಹಿಂದಿನ ಮೂರು ವಾಕ್ಯಗಳನ್ನು ಓದುವುದಿಲ್ಲ.

ಊರ ನಿಧಿಯ ಲೆಕ್ಕ

ಎರಡನೇ ಶತಮಾನದ ನಡುವಿನಲ್ಲಿ ಸಂತ ಜಸ್ಟಿನ್ ಬರೆದಿರುವ ಭಾನುವಾರದ ಆರಾಧನೆಯ ವರ್ಣನೆಯಲ್ಲೇ ಈ ನಿಧಿ ಇದೆ: ಉಳ್ಳವರು ಇಷ್ಟವಿದ್ದಷ್ಟು ಕೊಡುತ್ತಾರೆ, ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರದೇಶಿಗಳಿಗೆ ಅದು ಹೋಗುತ್ತದೆ. ಅದಕ್ಕೂ ಮುಂಚೆ ಪೌಲರು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಒಬ್ಬರೇ ಹೊತ್ತುಕೊಂಡು ಹೋಗಲಿಲ್ಲ. ಅವರ ಸಹಕಾರಿ ತೀತ ಮತ್ತು ಸಭೆಗಳು ಆರಿಸಿದ ಸಹೋದರರು ಜೊತೆಗಿದ್ದರು. ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಿರಬೇಕು ಎಂದು ಅವರು ಬರೆದಿದ್ದಾರೆ (2 ಕೊರಿಂಥ 8:18–21).

ಅದನ್ನೇ ಇಂದು ಹೀಗೆ ಮಾಡಬೇಕು. ಡಬ್ಬಿ ತೆರೆಯುವಾಗ ಒಂದೇ ಮನೆಯವರಲ್ಲದ ಇಬ್ಬರು ಇರಲಿ, ಎಣಿಸಿ ಇಬ್ಬರೂ ಸಹಿ ಹಾಕಲಿ, ಎರಡು ದಿನದೊಳಗೆ ಬ್ಯಾಂಕಿಗೆ ಹೋಗಲಿ. ಖಾತೆ ಸಂಸ್ಥೆಯ ಹೆಸರಿನಲ್ಲಿ, ಇಬ್ಬರ ಜಂಟಿ ಸಹಿಯಲ್ಲಿ. ಯಾರದೋ ವೈಯಕ್ತಿಕ ಫೋನ್ ನಂಬರಿಗೆ ಹಣ ಹಾಕಿಸಿಕೊಂಡರೆ, ಎಷ್ಟೇ ಪ್ರಾಮಾಣಿಕರಾದರೂ, ಆರು ತಿಂಗಳಲ್ಲಿ ಸಂಶಯದ ಮಾತು ಹುಟ್ಟುತ್ತದೆ. ರೋಗಿಯ ಹೆಸರಿನಲ್ಲಿ ಎತ್ತಿದ ಹಣ ಆಸ್ಪತ್ರೆಯ ಬಿಲ್ಲಿಗೆ ನೇರ ಹೋಗಲಿ. ಹೆಚ್ಚಾಗಿ ಬಂದರೆ, ಅಥವಾ ರೋಗಿ ತೀರಿಕೊಂಡರೆ, ಉಳಿದದ್ದು ಎಲ್ಲಿಗೆ ಎಂಬುದನ್ನು ಮನವಿಯಲ್ಲೇ ಒಂದು ಸಾಲಿನಲ್ಲಿ ಬರೆದಿಡಿ. ಜಗಳಗಳೆಲ್ಲ ಆ ಒಂದು ಸಾಲು ಇಲ್ಲದ್ದರಿಂದ ಆದವು.

ಗಲ್ಫಿನಲ್ಲಿರುವ ಮಗ ಭಾರತದ ಪಾಸ್‌ಪೋರ್ಟಿನವನಾದರೆ ಅವನು ಬ್ಯಾಂಕಿನ ಮೂಲಕ ಕಳಿಸುವ ಸ್ವಂತ ಉಳಿತಾಯ ವಿದೇಶಿ ದೇಣಿಗೆಯಾಗುವುದಿಲ್ಲ. ಇಂಗ್ಲೆಂಡ್, ಕೆನಡಾದ ಪೌರತ್ವ ಪಡೆದ ಸಂಬಂಧಿ ಇಗರ್ಜಿಗೆ ಕೊಟ್ಟರೆ ಆಗುತ್ತದೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಇದ್ದರೂ ಸರಿ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ, ಹಾಗೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಗೊತ್ತಿಲ್ಲದೆ ಮಾಮೂಲಿ ಖಾತೆಗೆ ಹಾಕಿಸಿಕೊಳ್ಳುವುದೇ ಇಲ್ಲಿ ಆಗುವ ತಪ್ಪು. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ ಅನುಮೋದನೆ ಇರುವ ಸಂಸ್ಥೆಗೆ, ನಗದಾದರೆ 2,000 ರೂ. ತನಕ. ಬರೀ ಧಾರ್ಮಿಕ ಕಾರ್ಯದ ಕಾಣಿಕೆಗೆ ಸಾಮಾನ್ಯವಾಗಿ ಅದಿಲ್ಲ.

ಫಸಲು ಕೈಕೊಟ್ಟ ವರ್ಷ

ಮೊತ್ತ ಇಳಿಸಿ, ತಾರೀಕು ಬಿಡಬೇಡಿ. ಶೇ. 5 ಆಗದಿದ್ದರೆ ಶೇ. 1, ಅದೂ ಆಗದಿದ್ದರೆ ವಾರಕ್ಕೆ ಮೂರು ಗಂಟೆ. ಗೆರೆಯ ಕೆಳಗೆ ಇಳಿದ ಮನೆ ಆ ವರ್ಷ ಪಡೆಯುವ ಮನೆ. ಇದನ್ನು ಒಪ್ಪಿಕೊಳ್ಳುವುದು ನಿತ್ಯ ಕೊಡುತ್ತಿದ್ದವರಿಗೆ ಬಹಳ ಕಷ್ಟ. ಆದರೆ ಪೌಲರು 2 ಕೊರಿಂಥ 8:14ರಲ್ಲಿ ಹೇಳಿದ್ದು ಎರಡೂ ಕಡೆಯ ಹರಿವನ್ನು: ಈಗ ನಿಮ್ಮ ಹೆಚ್ಚಳ ಅವರ ಕೊರತೆಗೆ, ಮುಂದೆ ಅವರ ಹೆಚ್ಚಳ ನಿಮ್ಮ ಕೊರತೆಗೆ. ಹಾಗಾಗಿ ಗುರ್ಕಾರರ ಪಟ್ಟಿಯಲ್ಲಿ ‘ಕೊಡುವವರು’, ‘ಪಡೆಯುವವರು’ ಎಂದು ಎರಡು ಪುಟ ಮಾಡಬೇಡಿ. ಒಂದೇ ಪುಟದಲ್ಲಿ ವಾಡೊದ (ವಾರ್ಡಿನ) ಎಲ್ಲ ಮನೆಗಳ ಹೆಸರು ಇರಲಿ, ಎದುರಿಗೆ ಆ ವರ್ಷ ಬಂದದ್ದು ಹೋದದ್ದು ಎರಡಕ್ಕೂ ಕಾಲಂ ಇರಲಿ. ಆ ಪುಟ ಗುರ್ಕಾರರ ಬಳಿಯೇ ಉಳಿಯಬೇಕು. ತೆನೆ ಹಬ್ಬದ ಮರು ಭಾನುವಾರ ಸಭೆಯಲ್ಲಿ ಓದುವುದು ಒಟ್ಟು ಮೊತ್ತಗಳನ್ನು ಮಾತ್ರ, ಹೆಸರುಗಳನ್ನಲ್ಲ.